ಚಿಕ್ಕಮ್ಮನ ಬಾಯಿಪಾಠ

ಚಿಕ್ಕಮ್ಮನಿಗೆ ಕಾಗದ ನೋಡಿಕೊಂಡು ಮಾತಾಡಲು ಬರುವುದಿಲ್ಲ. ಕಣ್ಣು ಅಕ್ಷರದ ಮೇಲೆ ಬಿದ್ದ ಕೂಡಲೇ ನಾಲಿಗೆ ಒಣಗುತ್ತದೆ, ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗಿಯ ಹಾಗೆ ದನಿ ಸಣ್ಣಗಾಗುತ್ತದೆ. ನನ್ನದು ಅದರ ತಿರುಗುಮುರುಗು. ಕಾಗದದ ಮೇಲೆ ಯಾರ ಜೊತೆ ಬೇಕಾದರೂ ಜಗಳವಾಡಬಲ್ಲೆ, ಎದುರಿಗೆ ಮನುಷ್ಯರು ಬಂದರೆ ಗೋಡೆಗೆ ಅಂಟಿಕೊಳ್ಳುತ್ತೇನೆ. ಪದವಿ ಮುಗಿದ ಮೇಲೆ ಹೋದ ಸಂದರ್ಶನಗಳಿಂದೆಲ್ಲ ಹೆಸರು ಹೇಳಿ, ಬೆವರು ಒರೆಸಿಕೊಂಡು ಬಂದವಳು ನಾನು. "ಇವಳ ಬಾಯಿ ನನ್ನ ಹತ್ರ ಇದೆ, ನನ್ನ ಕೈ ಇವಳ ಹತ್ರ ಇದೆ. ಇಬ್ರೂ ಸೇರಿದ್ರೆ ಒಬ್ಳು ಪೂರ್ತಿ ಹೆಂಗಸು" ಎಂದು ಚಿಕ್ಕಮ್ಮ ಕಂಡಕಂಡವರಿಗೆ ಹೇಳಿ ನಗುತ್ತಿದ್ದಳು.

ಅವಳು ಅಮ್ಮನ ಒಬ್ಬಳೇ ತಂಗಿ. ಆಸ್ಪತ್ರೆಯ ಚೀಟಿ ಕೊಡುವ ಕೌಂಟರಿನಲ್ಲಿ ಕೆಲಸ. ಅಮ್ಮನದು ಹಳೆ ಮಾರುಕಟ್ಟೆಯ ಕಟ್ಟಡದಲ್ಲಿ ಹೊಲಿಗೆ ಅಂಗಡಿ. ಎರಡು ಮಷೀನು, ಬಟ್ಟೆ ಕತ್ತರಿಸುವ ಮೇಜು, ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ದಾಟುವಷ್ಟು ಜಾಗ. ಚಿಕ್ಕಮ್ಮ ಓದಿದ್ದು, ಆಮೇಲೆ ನಾನು ಓದಿದ್ದು, ಎಲ್ಲ ಆ ಮಷೀನಿನ ದುಡಿಮೆಯಲ್ಲೇ. ಕಟ್ಟಡ ಕೆಡವಿ ಅಲ್ಲಿ ಏಳಂತಸ್ತಿನ ವ್ಯಾಪಾರ ಸಂಕೀರ್ಣ ಎಬ್ಬಿಸಬೇಕೆಂದು ಬಿಲ್ಡರುಗಳ ಗುಂಪೊಂದು ನಗರಸಭೆಗೆ ಎಡತಾಕುತ್ತಲೇ ಇತ್ತು. ನಮ್ಮ ವಾರ್ಡಿನ ಹಳೆ ಮೆಂಬರು ಅದಕ್ಕೆ ತಲೆಯಾಡಿಸಿದ ಸುದ್ದಿ ಬಂದಾಗ ಅಂಗಡಿಯವರೆಲ್ಲ ಒಟ್ಟಾಗಿ ಚಿಕ್ಕಮ್ಮನನ್ನು ಚುನಾವಣೆಗೆ ನಿಲ್ಲಿಸಿದರು. ಮೊದಲು ಅವಳ ಹೆಸರು ಎತ್ತಿದವರು ಪಕ್ಕದಲ್ಲಿ ಬೀಗ ರಿಪೇರಿ ಮಾಡುವವರು, ನಾನು ಬೀಗದ ಮಾವ ಎಂದು ಕರೆಯುವವರು. "ಕೌಂಟರಲ್ಲಿ ಕೂತು ಇಡೀ ಊರಿನ ಬೈಗುಳ ತಿಂದಿದ್ದಾಳೆ. ನಗರಸಭೆ ಏನು ಮಹಾ?" ಎಂದಿದ್ದರು.

ಸಂಜೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರೆ ನಾನು ಸ್ಟೂಲಿನ ಮೇಲೆ ಕೂತು ಬರೆದದ್ದನ್ನು ಒಂದೊಂದೇ ವಾಕ್ಯವಾಗಿ ಓದುತ್ತಿದ್ದೆ. ಅವಳು ಕೇಳಿ ಹೇಳುತ್ತಿದ್ದಳು. ಎಡವಿದರೆ ಇನ್ನೊಮ್ಮೆ. ಮತ್ತೆ ಎಡವಿದರೆ ಆ ಪದಕ್ಕೆ ಗೇಟ್‌ಪಾಸು.

"'ಪರ್ಯಾಯ' ಅಂತೆಲ್ಲ ಹಾಕ್ಬೇಡ ತಾಯಿ, ಹಲ್ಲಿಗೆ ಸಿಕ್ಕಾಕೊಳ್ಳುತ್ತೆ."

ಹೀಗೆ ಒಂದು ವಾಕ್ಯ ಅವಳ ನಾಲಿಗೆಯಲ್ಲಿ ಗಟ್ಟಿಯಾಗಿ ಕೂರಲು ವಾರ ಹಿಡಿಯುತ್ತಿತ್ತು. ಕೂತ ಮೇಲೆ ಮಾತ್ರ ಅದು ಅವಳದೇ. ಜನ ಕೇಳಿದರೆ ಈಗ ತಾನೇ ಎದೆಯಿಂದ ಎದ್ದು ಬಂತು ಎನ್ನಬೇಕು. ಕೊನೆಗೆ ನಾನು ತಂಟೆಕೋರ ಸಭಿಕನಾಗುತ್ತಿದ್ದೆ. ಅಡುಗೆಮನೆಯಲ್ಲಿ, ಅವಳೊಬ್ಬಳ ಎದುರು, ನನಗೂ ದನಿ ಬರುತ್ತಿತ್ತು.

"ಏನಮ್ಮಾ, ಮಾರ್ಕೆಟ್ ಉಳಿಸ್ತೀಯಾ?"

"ಉಳಿಸ್ತೀನಿ." ಸೌಟು ನನ್ನ ಮೂಗಿನವರೆಗೂ ಬರುತ್ತಿತ್ತು. "ಮೊದ್ಲು ನನ್ನ ಮೇಲೆ ಬುಲ್ಡೋಜರ್ ಹತ್ತಿಸಿ, ಆಮೇಲೆ ನಿಮ್ಮ ಏಳಂತಸ್ತು ಕಟ್ಕೊಳ್ಳಿ."

ಅದೊಂದು ಉತ್ತರ ನಾನು ಬರೆದದ್ದಲ್ಲ.

ಚಿಕ್ಕಮ್ಮನ ಸಭೆಗಳಿಗೆ ಜನ ಸೇರತೊಡಗಿದ ಮೇಲೆ ಒಬ್ಬರು ಬಂದರು. ತಮ್ಮನ್ನು ಸಲಹೆಗಾರ ಎಂದು ಪರಿಚಯಿಸಿಕೊಂಡರು. ಯಾರಿಗೆ ಸಲಹೆಗಾರ ಎಂದು ನಾವೂ ಕೇಳಲಿಲ್ಲ. ಮೆತ್ತನೆ ದನಿ, ಬೆಳ್ಳನೆ ಅಂಗಿ. ಅಮ್ಮನ ಅಂಗಡಿಯ ಬಾಗಿಲಲ್ಲೇ ನಿಂತು ಚಿಕ್ಕಮ್ಮನ ಜೊತೆ ಮಾತಾಡಿದರು.

"ಅಭ್ಯರ್ಥಿಗೆ ನಾವು ಏನೂ ಕೊಡೋ ಹಾಗಿಲ್ಲ ಮೇಡಂ, ಕಾನೂನು ಒಪ್ಪಲ್ಲ. ಆದ್ರೆ ನಗರದ ಗೆಳೆಯರು ಅಂತ ಒಂದು ಬಳಗ ಇದೆ. ಅವರು ಅವರ ಪಾಡಿಗೆ ನಿಮ್ಮನ್ನ ಹೊಗಳ್ತಾರೆ. ಹೊಗಳಬೇಡಿ ಅನ್ನೋಕೆ ಯಾರಿಗೂ ಹಕ್ಕಿಲ್ಲ ನೋಡಿ."

ಅವರು ಹೋದ ಮೇಲೆ ಅಮ್ಮ ಹಲ್ಲಲ್ಲಿ ದಾರ ಕತ್ತರಿಸುತ್ತಾ, "ಈ ಹೊತ್ತಿಗೂ ಅಂಗಿ ಮೇಲೆ ಒಂದು ಸುಕ್ಕಿಲ್ಲ. ಎಲ್ಲೂ ಕೂರದೇ ಇರೋ ಗಿರಾಕಿ" ಎಂದಳು. ಅಂದಿನಿಂದ ಅವರು ನಮ್ಮ ಮನೆಯಲ್ಲಿ ಇಸ್ತ್ರಿ ಸಾಹೇಬರು.

"ಏನೂ ಕೇಳ್ಲಿಲ್ವಲ್ಲಕ್ಕಾ" ಎಂದಳು ಚಿಕ್ಕಮ್ಮ.

ನಿಜ, ಅವರು ಏನೂ ಕೇಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ್ದರು, ಅದೂ ನನ್ನನ್ನು ನೋಡಿಕೊಂಡು: "ಈ ಭಾಷಣಗಳು ನಿಮ್ಮದಾ? ತುಂಬಾ ಚೆನ್ನಾಗಿವೆ." ಹಾಗೆ ಯಾರೂ ಕೇಳಿರಲಿಲ್ಲ. ನಾನು ತಲೆ ಬಗ್ಗಿಸಿ ಗುಂಡಿ ಡಬ್ಬಿಯನ್ನು ಸುಮ್ಮನೆ ಮುಚ್ಚಿ ತೆಗೆದೆ. ಆ ರಾತ್ರಿ ಡೈರಿಯಲ್ಲಿ ಅವರ ಬಗ್ಗೆ ಒಳ್ಳೆಯದನ್ನೇ ಬರೆದೆ.

ಆಮೇಲೆ ದೊಡ್ಡ ಪರದೆಯ ವ್ಯಾನು ಬಂತು. ಮುಖ್ಯರಸ್ತೆಯಲ್ಲಿ ಕಚೇರಿ ಬಂತು, ಅದರೊಳಗೆ ತಿರುಗುವ ಕುರ್ಚಿಗಳು, ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರ. ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ ಹುಡುಗಿಯರು ಮನೆಮನೆಗೆ ಹೋಗಿ ಸರ್ವೆ ಮಾಡಿದರು. ಊರ ಗೋಡೆಗಳ ಮೇಲೆಲ್ಲ ಚಿಕ್ಕಮ್ಮ ನಕ್ಕಳು. ಬೀಗದ ಮಾವ ಅಂತೂ, "ನಮ್ಮ ಹುಡುಗಿ ಸಿನಿಮಾ ತಾರೆ ಆಗ್ಬಿಟ್ಲು ಕಣ್ರೀ" ಎಂದು ಗಿರಾಕಿಗಳಿಗೆ ತೋರಿಸಿದರು. ಚಿಕ್ಕಮ್ಮ ರಜೆ ಹಾಕಿ ಬೆಳಗ್ಗೆಯಿಂದ ಕಚೇರಿಯಲ್ಲೇ ಇರತೊಡಗಿದಳು. ಸಂಜೆ ಮಾತ್ರ ಎಂದಿನಂತೆ ಪಾತ್ರೆ, ಸ್ಟೂಲು, ನಾನು.

ಕೊನೆಯ ಸಾರ್ವಜನಿಕ ಸಭೆಗೆ ಕೆಲವು ದಿನ ಮುಂಚೆ ನಾನು ತಂಟೆಕೋರನಾಗಿ ಕೇಳಿದೆ: "ಏನಮ್ಮಾ, ಮಾರ್ಕೆಟ್ ಉಳಿಸ್ತೀಯಾ?"

ಚಿಕ್ಕಮ್ಮ ಲೋಟ ಗಲಬರಿಸುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: "ಮಾರುಕಟ್ಟೆ ಅಂದರೆ ಬರೀ ಗೋಡೆಗಳಲ್ಲ, ಅಲ್ಲಿ ಬೆವರು ಸುರಿಸಿದ ಜನ. ಆ ಜನರಿಗೆ ಅವರ ಘನತೆಗೆ ತಕ್ಕ ಹೊಸ ನೆಲೆ ಸಿಗುವವರೆಗೂ ನಾನು ವಿರಮಿಸುವುದಿಲ್ಲ."

ಎಲ್ಲೂ ಎಡವಲಿಲ್ಲ. 'ಪರ್ಯಾಯ' ಸಿಕ್ಕಿಹಾಕಿಕೊಳ್ಳುವ ಹಲ್ಲಿನ ಸಂದಿಯಿಂದ 'ವಿರಮಿಸುವುದಿಲ್ಲ' ನೀರಿನ ಹಾಗೆ ಹರಿದು ಬಂತು. ಅಂದರೆ ವಾರದಿಂದ, ಅಥವಾ ಅದಕ್ಕೂ ಹಿಂದಿನಿಂದ, ಯಾರೋ ಅವಳೆದುರು ಕೂತು ಓದಿದ್ದಾರೆ. ಅವಳು ಕೇಳಿ ಹೇಳಿದ್ದಾಳೆ, ಎಡವಿದ್ದಾಳೆ, ಮತ್ತೆ ಹೇಳಿದ್ದಾಳೆ. ಮೊದಲು ನನಗೆ ಹೊಳೆದದ್ದು ಅಷ್ಟೇ. ಯಾರ ಎದುರು? ನನ್ನೆದುರು ನಗುವ ಹಾಗೆ ಅಲ್ಲೂ ನಗುತ್ತಾಳಾ? ಹೊಸ ನೆಲೆ ಎಂದರೆ ಹಳೆಯದು ಇರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

"ಯಾರು ಓದಿಸಿದ್ದು?"

"ಏನನ್ನ?"

"ಈಗ ಹೇಳಿದ್ಯಲ್ಲ, ಅದನ್ನ."

"ಓ, ಅದಾ. ಆಫೀಸಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಪಾಪ ಒಳ್ಳೇಳು. ಸರ್ವೆ ಪ್ರಕಾರ 'ಉಳಿಸ್ತೀನಿ' ಅನ್ನೋದು ಮೇಲಿನ ಬಡಾವಣೆಯವರಿಗೆ ಹಿಡಿಸ್ತಾ ಇಲ್ವಂತೆ."

"ಹಾಗಾದ್ರೆ ಉಳಿಸಲ್ವಾ?"

"ಮೊದ್ಲು ಗೆಲ್ಲೋಣ ಕಣೆ." ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ಆಮೇಲೆ ಏನು ಕೇಳಿದರೂ ನೀರಿನ ಸದ್ದು.

ಅಮ್ಮನಿಗೆ ಹೇಳಿದೆ. ಅಮ್ಮ ಮಷೀನು ನಿಲ್ಲಿಸಲಿಲ್ಲ.

"ಅವಳು ಅಂಥೋಳಲ್ಲ. ನಿಂಗೆ ಹೊಟ್ಟೆಕಿಚ್ಚು, ಬೇರೆಯವರ ಹತ್ರ ಬರೆಸಿಕೊಂಡ್ಲು ಅಂತ."

ಅದು ಅರ್ಧ ನಿಜ.

"ನಾನೇ ಕೇಳ್ತೀನಿ ಬಿಡು. ಸಭೇಲೇ, ಎಲ್ರೆದುರಿಗೇ ಕೇಳ್ತೀನಿ. ಅವಳು ಉಳಿಸ್ತೀನಿ ಅಂದಾಗ ನಿನ್ನ ಮುಖ ಎಲ್ಲಿಟ್ಕೋತೀಯ ನೋಡೋಣ."

ಸಭೆ ನಡೆದದ್ದು ಹೊಸ ಸಭಾಂಗಣದಲ್ಲಿ. ನಾವು ಮಾರುಕಟ್ಟೆಯವರೆಲ್ಲ ನಡುವಿನ ಸಾಲುಗಳಲ್ಲಿ ಕೂತಿದ್ದೆವು. ಮುಂದಿನ ಸಾಲುಗಳಲ್ಲಿ ನಾವು ಎಂದೂ ನೋಡದವರು. ಪ್ರಶ್ನೆಗಳ ಹೊತ್ತು ಬಂದಾಗ ಅಮ್ಮ ಎದ್ದು ಮೈಕಿಗೆ ಕೈ ಚಾಚಿದಳು.

"ನಾನು ಇವಳ ಅಕ್ಕ" ಎಂದಳು. ಸಭೆ ನಕ್ಕಿತು, ಚಿಕ್ಕಮ್ಮನೂ ನಕ್ಕಳು. "ಒಂದೇ ಮಾತು. ಮಾರ್ಕೆಟ್ ಉಳಿಸ್ತೀಯೋ, ಇಲ್ವೋ?"

"ತುಂಬಾ ಒಳ್ಳೆಯ ಪ್ರಶ್ನೆ" ಎಂದಳು ಚಿಕ್ಕಮ್ಮ. "ಮಾರುಕಟ್ಟೆ ಅಂದರೆ ಬರೀ ಗೋಡೆಗಳಲ್ಲ…"

ಒಂದಕ್ಷರ ಆಚೀಚೆ ಆಗಲಿಲ್ಲ. ಬೆವರು ಎಂಬಲ್ಲಿ ದನಿ ಸ್ವಲ್ಪ ನಡುಗಿತು. ಅದನ್ನೂ ಕಲಿಸಿದ್ದರು. ಚಪ್ಪಾಳೆ ಮುಂದಿನ ಸಾಲಿನಿಂದ ಎದ್ದು ನಮ್ಮವರೆಗೆ ಬಂತು, ನಮ್ಮವರೂ ತಟ್ಟಿದರು. ಬೀಗದ ಮಾವ ಕಣ್ಣು ಒರೆಸಿಕೊಂಡರು.

"ಅದೆಲ್ಲ ಸರಿ ಕಣೆ" ಎಂದಳು ಅಮ್ಮ, "ಉಳಿಸ್ತೀಯಾ?"

ಅಷ್ಟರಲ್ಲಿ ಮೈಕು ಆರಿಹೋಗಿತ್ತು. ಅಕ್ಕಪಕ್ಕದವರಿಗೆ ಮಾತ್ರ ಕೇಳಿಸಿತು. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗಿಯೊಬ್ಬಳು ನಗುತ್ತಾ ಬಂದು ಅಮ್ಮನ ಕೈಯಿಂದ ಮೈಕನ್ನು ಬಿಡಿಸಿಕೊಂಡು ಹಿಂದಿನ ಸಾಲಿಗೆ ಹೋದಳು. ಅಮ್ಮ ವೇದಿಕೆಯನ್ನೇ ನೋಡುತ್ತಾ ನಿಂತೇ ಇದ್ದಳು. ಚಿಕ್ಕಮ್ಮ ಆಗಲೇ ಇನ್ನೊಬ್ಬರ ಪ್ರಶ್ನೆಗೆ ಕಿವಿಗೊಟ್ಟು ತಲೆ ವಾಲಿಸಿದ್ದಳು. ಅಮ್ಮ ಕೂತಳು. ಮನೆಗೆ ಹೋಗುವ ದಾರಿಯಲ್ಲಿ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು.

ಮಾರನೆಯ ಸಂಜೆ ಚಿಕ್ಕಮ್ಮ ಅಂಗಡಿಗೆ ಬಂದಳು, ಸಾಮಾನು ಇಳಿಸುವ ಹಿಂಬಾಗಿಲಿನಿಂದ.

"ಅಕ್ಕಾ, ಎಲ್ರೆದುರಿಗೆ ಹಾಗೆ ಕೇಳೋದಾ? ಎದೆ ಝಲ್ ಅಂತು ನಂಗೆ."

ಅಮ್ಮ ಅಂಚು ಮಡಿಸುತ್ತಿದ್ದಳು. "ಉತ್ತರ ಹೇಳೋಕೆ ಬಂದ್ಯಾ?"

"ನೋಡಕ್ಕಾ, ಇಸ್ತ್ರಿ ಸಾಹೇಬರ ಹಿಂದಿರೋ ಬಿಲ್ಡರುಗಳು ಹಳೇ ಮೆಂಬರಿಗೂ ಖರ್ಚು ಮಾಡ್ತಿದ್ದಾರೆ, ನನಗೂ ಮಾಡ್ತಿದ್ದಾರೆ. ಯಾರು ಗೆದ್ರೂ ಅವರದ್ದೇ. ನಾನು ಬೇಡ ಅಂದಿದ್ರೆ ಅವನು ಗೆಲ್ತಿದ್ದ, ಕಟ್ಟಡ ಹೇಗೂ ಬೀಳ್ತಿತ್ತು. ನಾನಿದ್ರೆ ನಮ್ಮೋರಿಗಾದ್ರೂ ಏನಾದ್ರೂ ಮಾಡ್ಬಹುದು." ಸ್ಟೂಲು ಎಳೆದುಕೊಂಡು ಕೂತು ದನಿ ತಗ್ಗಿಸಿದಳು. "ನಿನಗೆ ಹೊಸ ಕಟ್ಟಡದಲ್ಲಿ ಕೆಳಗೇ, ಮುಂದಿನ ಸಾಲಲ್ಲೇ ಅಂಗಡಿ. ಗಾಜಿನ ಬಾಗಿಲು. ಎಲ್ಲ ಮಾತಾಡಿದ್ದೀನಿ."

ಅಮ್ಮನ ಕೈ ನಿಂತಿತು. "ಯಾವಾಗ ಮಾತಾಡಿದ್ದು?"

ಚಿಕ್ಕಮ್ಮ ನೆಲ ನೋಡಿದಳು. "ವ್ಯಾನು ಕಳಿಸಿದಾಗ್ಲೇ."

ವ್ಯಾನು ಬಂದ ಮೇಲೂ ಎಷ್ಟು ಸಂಜೆ ಅವಳು ನನ್ನ ಮೂಗಿನವರೆಗೆ ಸೌಟು ಹಿಡಿದು ಬುಲ್ಡೋಜರಿನ ಮಾತು ಹೇಳಿದ್ದಳು! ನಾನು ಎಷ್ಟು ನಕ್ಕಿದ್ದೆ!

"ಬೀಗದವರಿಗೆ?" ಅಮ್ಮ ಕೇಳಿದಳು. "ಕೊಡೆ ರಿಪೇರಿಯೋಳಿಗೆ?"

"ಎಲ್ರಿಗೂ ಆಗಲ್ಲಕ್ಕಾ. ಮತದಾನ ಮುಗಿಯೋವರೆಗೆ ಯಾರಿಗೂ ಬಾಯಿ ಬಿಡಬೇಡ, ಅಷ್ಟು ಸಾಕು." ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳೇ ನಿಮ್ಮಮ್ಮನಿಗೆ. ಮಾತು ಜೋಡಿಸೋದು ನಿಂಗೆ ಬರುತ್ತಲ್ಲ."

ಅಮ್ಮ ನನ್ನನ್ನು ನೋಡಿದಳು. ನಾನು ಎದ್ದು, ಮೈ ಓರೆ ಮಾಡಿ ಮೇಜು ದಾಟಿ, ಪಕ್ಕದ ಅಂಗಡಿಯ ಮುಂದೆ ಹೋಗಿ ನಿಂತೆ. ಬೀಗದ ಮಾವ ಅರದಿಂದ ಕೀಲಿ ಉಜ್ಜುತ್ತಿದ್ದರು. ಗೋಡೆಗೆ ಅಂಟಿಕೊಂಡೇ ಹೇಳಿದೆ.

"ಮಾವಾ, ಕಟ್ಟಡ ಕೆಡವ್ತಾರೆ. ಚಿಕ್ಕಮ್ಮ ಒಪ್ಪಿಕೊಂಡಿದ್ದಾಳೆ, ಯಾವಾಗ್ಲೋ."

ಅರ ಕೆಳಗಿಟ್ಟರು. "ಯಾರು ಹೇಳಿದ್ದು?"

"ಅವಳೇ. ಒಳಗೆ ಕೂತಿದ್ದಾಳೆ."

"ನಿಮ್ಮ ಅಂಗಡಿ?"

ಇದನ್ನು ಹೇಳದೆ ಬಿಡಬಹುದಿತ್ತು. "ನಮಗೆ ಮುಂದಿನ ಸಾಲಲ್ಲಿ ಕೊಡಿಸ್ತಾಳಂತೆ. ಅಮ್ಮ ಇನ್ನೂ ಹೂಂ ಅಂದಿಲ್ಲ."

"ಇನ್ನೂ" ಎಂದರು ಮಾವ, ನಿಧಾನವಾಗಿ. ಕನ್ನಡಕ ತೆಗೆದರು. "ಆ ಭಾಷಣಗಳನ್ನೆಲ್ಲ ಬರೆದುಕೊಟ್ಟಿದ್ದು ನೀನೇ ಅಲ್ವೇನಮ್ಮಾ?"

ಸಭೆಯಲ್ಲಿ ಹೇಳಿದ್ದನ್ನಲ್ಲ ಮಾವ, ಅದೊಂದನ್ನಲ್ಲ ಎನ್ನಬೇಕಿತ್ತು. ನನ್ನ ಬಾಯಿಂದ ಅದು ಹೊರಡುವಷ್ಟರಲ್ಲಿ ಅವರು ಎದ್ದು ಓಣಿಗೆ ಇಳಿದಾಗಿತ್ತು. ಒಂದೊಂದೇ ಅಂಗಡಿಯ ಮುಂದೆ ನಿಂತು, "ಸ್ವಲ್ಪ ಬನ್ರೀ ಇಲ್ಲಿ" ಎಂದು ಕರೆದರು. ಕೊಡೆ ರಿಪೇರಿಯವಳು ಬಂದಳು, ಚಪ್ಪಲಿಯವನು ಬಂದ. ನಮ್ಮ ಅಂಗಡಿಯ ಮುಂದೆ ಮಾವ ನಿಲ್ಲದೆ ದಾಟಿದರು.

ಅಮ್ಮ ಬಾಗಿಲಿಗೆ ಬಂದು ನಿಂತು ಇದನ್ನು ನೋಡಿದಳು. ಕೊರಳಿನ ಟೇಪು ತೆಗೆದು ಮಷೀನಿನ ಮೇಲೆ ಹಾಕಿದಳು. "ನಡಿ" ಎಂದಳು ನನಗೆ.

"ಅಕ್ಕಾ, ಅವ್ರು ಕರೀಲಿಲ್ಲ ನಿನ್ನನ್ನ. ಎಲ್ಲಿಗೆ ಹೋಗ್ತೀಯಾ?" ಒಳಗಿನಿಂದ ಚಿಕ್ಕಮ್ಮ.

"ಹೋಗೋವಾಗ ಶಟರ್ ಎಳ್ಕೊಂಡು ಹೋಗು" ಎಂದಳು ಅಮ್ಮ.

ಓಣಿಯ ಕೊನೆಯಲ್ಲಿ ಗುಂಪು ಸೇರಿತ್ತು. ನಾವು ಹತ್ತಿರ ಹೋದಾಗ ಮಾತು ನಿಂತಿತು. ಯಾರೂ ಸರಿದು ಜಾಗ ಕೊಡಲಿಲ್ಲ. ಅಮ್ಮ ಕೊಡೆ ರಿಪೇರಿಯವಳ ಬೆನ್ನ ಹಿಂದೆಯೇ ನಿಂತಳು, ನಾನು ಅಮ್ಮನ ಹಿಂದೆ.