ಗಂಗಹನುಮಯ್ಯನವರು ಓದಿದ ಹದಿನಾರು ಪುಟ

ಗಂಗಹನುಮಯ್ಯನವರು ಯಾರ ಬೆನ್ನ ಹಿಂದೆಯೂ ಸದ್ದಿಲ್ಲದೆ ಹಾದುಹೋದವರಲ್ಲ. ಮದುವೆಮನೆಯ ಊಟದ ಪಂಕ್ತಿಯಿರಲಿ, ಬ್ಯಾಂಕಿನ ಸರತಿಯಿರಲಿ, ಮೂರು ಮಾರು ದೂರದಿಂದಲೇ ನಾಲಗೆಯಲ್ಲಿ ‘ಟಕ್ ಟಕ್’ ಎಂದು ಸದ್ದು ಮಾಡಿ, ಎಡಗಡೆಯಿಂದ ಬಂದು, ಎದುರಿಗಿದ್ದವರ ಭುಜವನ್ನೊಮ್ಮೆ ಮೆಲ್ಲನೆ ಮುಟ್ಟಿಯೇ ಮುಂದೆ ಸಾಗುವರು. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮೂವತ್ತನಾಲ್ಕು ವರ್ಷ ಲಾಯ ಗುಡಿಸಿ, ಮೈ ಉಜ್ಜಿ, ಮರಿ ಹಾಕಿಸಿ ನಿವೃತ್ತರಾದ ಮನುಷ್ಯನಿಗೆ ಈ ಎಚ್ಚರ ರಕ್ತಗತವಾಗಿಬಿಟ್ಟಿದೆ. ಹಿಂದಿನಿಂದ ಹೇಳದೆ ಕೇಳದೆ ಬಂದವನಿಗೆ ಒದೆ ಬಿದ್ದರೆ ತಪ್ಪು ಕುದುರೆಯದಲ್ಲ ಎಂಬುದು ಅವರ ನ್ಯಾಯ.

ಎಪ್ಪತ್ತೆರಡರ ಆ ಕೃಶಕಾಯದ ಮೇಲೆ ಕಡುಬೇಸಿಗೆಯಲ್ಲೂ ಒಂದು ಖಾಕಿ ಕೋಟು. ಒಂದು ಕಾಲದಲ್ಲಿ ಕುದುರೆಗಳಿಗೆಂದು ಬೆಲ್ಲದಚ್ಚು ಇರುತ್ತಿದ್ದ ಅದರ ಜೇಬಿನಲ್ಲಿ ಈಗ ಒಂದು ಕಾದಂಬರಿ, ಒಂದು ಮೋಟು ಪೆನ್ಸಿಲ್ಲು. ಓದಿದ್ದು ಏಳನೆಯ ಕ್ಲಾಸಾದರೂ, ದಿನ ತುಂಬಿದ ಕುದುರೆಯ ಪಕ್ಕದಲ್ಲಿ ಕಾಯುತ್ತ ಕುಳಿತ ಹೊತ್ತಿನಲ್ಲೇ ಊರ ಗ್ರಂಥಾಲಯದ ಐತಿಹಾಸಿಕ ಕಾದಂಬರಿಗಳನ್ನೆಲ್ಲ ಮುಗಿಸಿದವರು. ಆದರೆ ಅವರ ಓದೇ ಬೇರೆ ಬಗೆಯದು. ಕಥಾನಾಯಕ ಕುದುರೆಯೇರಿ ಮೂರು ಪುಟ ದಾಟಿದನೋ, ಅಂಚಿನಲ್ಲಿ ‘ನೀರು?’ ಎಂಬ ಎರಡಕ್ಷರ ಬೀಳುತ್ತಿತ್ತು. “ಮೂರು ಹಗಲು ಓಡ್ಸವ್ನಂತೆ. ಕುದ್ರೆ ಏನು ಮೋಟ್ರು ಗಾಡಿನಾ? ನೀರು ಕುಡ್ಸಿದ್ದು ಯಾವಾಗ, ಕೈಹಿಡಿದು ನಡೆಸಿ ಮೈ ಆರಿಸಿದ್ದು ಯಾರು? ಅವನ ಹೆಸ್ರು ಬರಿಯೋಕೆ ಇವ್ರಿಗೆ ಶಾಯಿ ಸಾಲ್ದಾ?” ಎಂದು ಗೊಣಗುವರು. ಗೊಣಗಿದರೂ ಪುಸ್ತಕವನ್ನು ಅರ್ಧಕ್ಕೆ ಬಿಟ್ಟವರಲ್ಲ.

ತುಮಕೂರಿನ ಸೋಮೇಶ್ವರಪುರಂನಲ್ಲಿ, ನಿವೃತ್ತ ಇತಿಹಾಸ ಉಪನ್ಯಾಸಕಿ ವನಜಾಕ್ಷಿಯವರ ಮನೆಯ ಮಹಡಿಯಲ್ಲಿ, ಪ್ರತಿ ತಿಂಗಳ ಎರಡನೆಯ ಭಾನುವಾರ ಸೇರುವ ಓದುಗರ ಬಳಗಕ್ಕೆ ಏಳು ವರ್ಷದಿಂದ ಅವರು ಕುಣಿಗಲ್ಲಿನಿಂದ ಹೆಬ್ಬೂರು ಮಾರ್ಗದ ಬಸ್ಸು ಹಿಡಿದು ತಪ್ಪದೆ ಬರುತ್ತಿದ್ದರು. ಹತ್ತು ಜನರ ಬಳಗ. ಓದುವುದು ಐತಿಹಾಸಿಕ ಕಾದಂಬರಿಗಳನ್ನು ಮಾತ್ರ. ಮೇಜಿನ ಮೇಲೆ ಮೂರು ಪುಸ್ತಕ ಇಟ್ಟು, ಒಬ್ಬೊಬ್ಬರೂ ತಮಗೆ ಬೇಕಾದುದರ ಮೇಲೆ ಒಂದು ಹುಣಸೆಬೀಜ ಇಟ್ಟು ಆರಿಸುವುದು ಅಲ್ಲಿಯ ಕ್ರಮ. ಇನ್ನೊಂದು ಕಟ್ಟಳೆಯೂ ಉಂಟು: ಪುಸ್ತಕ ಓದಿ ಮುಗಿಸದವರು ಮೊದಲೇ ಒಪ್ಪಿಕೊಂಡು, ಆ ದಿನದ ಕಾಫಿ ಲೋಟಗಳನ್ನು ತೊಳೆಯಬೇಕು. ಉಪನ್ಯಾಸಕರು, ವಕೀಲರು, ಎಂಜಿನಿಯರುಗಳು ನಗುನಗುತ್ತ ಲೋಟ ತೊಳೆಯುವುದನ್ನು ಕಂಡು ಗಂಗಹನುಮಯ್ಯನವರಿಗೆ ಆ ಮಹಡಿಯ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತ್ತು. ಇಲ್ಲಿ ಸುಳ್ಳಿಗೆ ಜಾಗವಿಲ್ಲ ಎಂದು ಅವರು ನಂಬಿದ್ದರು.

ಆ ನಂಬಿಕೆಗೆ ಕಲ್ಲು ಬಿದ್ದದ್ದು ಲಕ್ಷ್ಮೀಕಾಂತ್ ಎಂಬವರ ಕಾದಂಬರಿಯಿಂದ. ಲಕ್ಷ್ಮೀಕಾಂತ್ ಕಲ್ಯಾಣಮಂಟಪದ ಯಜಮಾನರು, ಸಭೆ ಸಮಾರಂಭಗಳಿಗೆ ಬೇಕಾದವರು. ಒಬ್ಬ ಪಾಳೆಯಗಾರನ ಮೇಲೆ ಮುನ್ನೂರು ಪುಟ ಬರೆದು, ಹತ್ತು ಪ್ರತಿಗಳನ್ನು ಬಳಗಕ್ಕೆ ಉಚಿತವಾಗಿ ಕಳಿಸಿಕೊಟ್ಟರು. ಉಚಿತವಾಗಿ ಬಂದದ್ದಕ್ಕೆ ಬೀಜ ಇಡುವುದು ಅಮರ್ಯಾದೆ ಎಂದು ಯಾರೋ ಅಂದರು. ಆ ತಿಂಗಳು ಆಯ್ಕೆಯೇ ನಡೆಯಲಿಲ್ಲ.

ಗಂಗಹನುಮಯ್ಯನವರು ತಮ್ಮ ಪ್ರತಿಯನ್ನು ಓದುತ್ತ ಇನ್ನೂರ ಒಂಬತ್ತನೆಯ ಪುಟಕ್ಕೆ ಬಂದಾಗ, ಮುಂದಿನ ಹಾಳೆಗಳು ಅಂಚು ಕತ್ತರಿಸದೆ ಮಡಿಕೆ ಮಡಿಕೆಯಾಗಿಯೇ ಉಳಿದಿದ್ದವು. ಪ್ರೆಸ್ಸಿನವರ ಅವಾಂತರ, ನನ್ನ ಪಾಲಿಗೆ ಇಂಥದ್ದೇ ಬರಬೇಕೆ ಎಂದುಕೊಂಡು, ಗಡ್ಡದ ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿ ಆ ಹದಿನಾರು ಪುಟ ಓದಿದರು. ಓದಿ ಮೈಯೆಲ್ಲ ಉರಿದುಹೋಯಿತು. ಯುದ್ಧದ ಹಿಂದಿನ ದಿನ ಲಾಯದ ಆಳೊಬ್ಬ ದುಡ್ಡಿನಾಸೆಗೆ ರಾಜಾಶ್ವಕ್ಕೆ ವಿಷ ಹಾಕುತ್ತಾನೆ. ಸರಿ, ಹಾಕಲಿ. ಆದರೆ ಪಾಳೆಯಗಾರ, ‘ಈ ಲಾಯದ ಜನದ ರಕ್ತದಲ್ಲೇ ದ್ರೋಹವಿದೆ’ ಎಂದು ಘೋಷಿಸಿ, ಅವರ ಕೇರಿಗೆ ಕೇರಿಯನ್ನೇ, ತೊಟ್ಟಿಲ ಕೂಸುಗಳ ಸಮೇತ, ಸುಡಿಸಿಬಿಡುತ್ತಾನೆ. ಕಾದಂಬರಿಕಾರರು ಅದಕ್ಕೆ ಕೊಟ್ಟ ಹೆಸರು ‘ಧರ್ಮಪಾಲನೆ’!

ಭಾನುವಾರ ಬಂತು. ಲಕ್ಷ್ಮೀಕಾಂತರೇ ಅತಿಥಿಗಳು. ಅಂದು ಲೋಟ ತೊಳೆಯಲು ಯಾರೊಬ್ಬರೂ ಒಪ್ಪಿಕೊಳ್ಳಲಿಲ್ಲ. ಎಲ್ಲರೂ ಪೂರ್ತಿ ಓದಿದ್ದಾರೆ ಎಂದೇ ಅರ್ಥ. ಒಬ್ಬರು ‘ಶೈಲಿ ಪ್ರೌಢ’ ಎಂದರು, ಇನ್ನೊಬ್ಬರು ‘ನಾಯಕ ಆದರ್ಶಪುರುಷ’ ಎಂದರು. ಕೊನೆಗೆ ವನಜಾಕ್ಷಿಯವರು ಒಂದು ಶುಭವಾರ್ತೆ ಹೇಳಿದರು: ಗುಬ್ಬಿಯ ಒಂದು ಹೈಸ್ಕೂಲಿಗೆ ಲೇಖಕರು ಅರವತ್ತು ಪ್ರತಿ ಕೊಟ್ಟಿದ್ದಾರೆ, ಎಂಟನೆಯ ತರಗತಿಯ ಮಕ್ಕಳಿಗೆ ‘ನಾಯಕನ ಸದ್ಗುಣಗಳು’ ಎಂಬ ಪ್ರಬಂಧ ಸ್ಪರ್ಧೆ, ಈ ಪುಸ್ತಕ ಯೋಗ್ಯವೆಂದು ಬಳಗದ ಪರವಾಗಿ ಶುಕ್ರವಾರವೇ ಪತ್ರ ಹೋಗಿದೆ. ಗಂಗಹನುಮಯ್ಯನವರು ಎದ್ದು ನಿಂತರು. ಅವರ ಮಗಳ ಮಗಳು ಭೂಮಿಕಾ ಓದುವುದು ಅದೇ ಶಾಲೆಯಲ್ಲಿ, ಅದೇ ತರಗತಿಯಲ್ಲಿ.

“ಮೇಡಮ್ಮೋರೇ, ಆ ಕಾಗ್ದದಲ್ಲಿ ನನ್ ಹೆಸ್ರೂ ಹಾಕಿದ್ದೀರಾ?”

“ಹತ್ತೂ ಜನದ್ದು ಹಾಕೋದು ರೂಢಿ ಅಲ್ವಾ ಗಂಗಣ್ಣ.”

“ಇನ್ನೂರ ಹನ್ನೆರಡನೇ ಪುಟ ಓದಿದ್ ಮೇಲೂ ಹಾಕಿದ್ರಾ?” ಎನ್ನುತ್ತ, ತೋರಿಸಲೆಂದು ಪಕ್ಕದವರ ಪ್ರತಿಯನ್ನು ತೆಗೆದು ತಿರುವಿದರು. ಆ ಪುಟ ತೆರೆಯಲಿಲ್ಲ. ಹಾಳೆಗಳ ಮಡಿಕೆ ಹಾಗೆಯೇ ಇತ್ತು. ಇನ್ನೊಬ್ಬರದನ್ನು ತೆಗೆದರು, ಅದೂ ಹಾಗೆಯೇ. ಒಂಬತ್ತು ಪ್ರತಿ, ಒಂಬತ್ತಕ್ಕೂ ಬ್ಲೇಡು ತಾಗಿರಲಿಲ್ಲ. ವನಜಾಕ್ಷಿಯವರು ತಲೆ ತಗ್ಗಿಸಿದರು.

ಲಕ್ಷ್ಮೀಕಾಂತರು ಮಾತ್ರ ನಕ್ಕರು. “ಯಜಮಾನ್ರೇ, ಅದು ಕತೆ ಕಣ್ರೀ. ಕತೆಗೊಬ್ಬ ವಿಲನ್ ಬೇಡ್ವಾ?”

“ವಿಲನ್ ಇರ್ಲಿ ಸ್ವಾಮಿ, ಅವ್ನನ್ನ ಬೇಕಾದ್ರೆ ನೇಣಿಗೆ ಹಾಕ್ಸಿ. ತೊಟ್ಲಲ್ಲಿದ್ದ ಕೂಸು ಏನ್ ಮಾಡಿತ್ತು? ಅದನ್ನ ಸುಟ್ಟೋನ ಸದ್ಗುಣ ನನ್ ಮೊಮ್ಮಗ್ಳು ಬರೀಬೇಕಾ? ನಮ್ ತಾತನೂ ಲಾಯದವ್ನೆ ಅಂತ ಕ್ಲಾಸಲ್ಲಿ ಹೇಳ್ಬೇಕಾ, ಬಾಯ್ ಮುಚ್ಕೊಂಡು ಕೂತ್ಕೋಬೇಕಾ?” ಅವರ ದನಿ ಏರಲಿಲ್ಲ. ಆಮೇಲೆ ಬಳಗದ ಕಡೆ ತಿರುಗಿದರು. “ಬರೆದೋರ ಮೇಲೆ ನಂಗೆ ಅಷ್ಟು ಸಿಟ್ಟಿಲ್ಲ. ಅವ್ರು ಲಾಯದ ಬಾಗ್ಲು ತುಳಿದವರಲ್ಲ. ನೀವು ಓದ್ತೀರಿ ಅಂತಾನೇ ನಾನು ಏಳ್ ವರ್ಷ ಬಸ್ ಹತ್ತಿ ಬಂದೆ.”

ವನಜಾಕ್ಷಿಯವರು ಎದ್ದು ಹೋಗಿ ತರಕಾರಿ ಚಾಕು ತಂದರು. ತಮ್ಮ ಪ್ರತಿಯ ಹಾಳೆ ಬಿಡಿಸಿ ಗಟ್ಟಿಯಾಗಿ ಓದತೊಡಗಿದವರು, ಎರಡನೆಯ ಪುಟ ಮುಗಿಯುವ ಮೊದಲೇ ನಿಲ್ಲಿಸಿ ನೀರು ಕುಡಿದರು. ಅಲ್ಲಿಯೇ ಕುಳಿತು ಇನ್ನೊಂದು ಪತ್ರ ಬರೆದರು: ನಾವು ಓದದೆ ಶಿಫಾರಸು ಮಾಡಿದೆವು, ತಪ್ಪಾಯಿತು, ಹಿಂದೆ ಪಡೆಯುತ್ತೇವೆ. ಆರು ಜನ ಸಹಿ ಹಾಕಿದರು. ಉಳಿದ ನಾಲ್ವರಿಗೆ ಲಕ್ಷ್ಮೀಕಾಂತರ ಬೇಸರದ್ದೇ ಚಿಂತೆ. ಕೂಸುಗಳನ್ನು ಸುಟ್ಟದ್ದು ಪುಸ್ತಕದಲ್ಲಿ ತಾನೆ, ಅದಕ್ಕೇಕೆ ಇಷ್ಟು ರಾದ್ಧಾಂತ ಎಂದು ಎದ್ದುಹೋದರು. ಇಂಥವರೂ ಓದುಗರೆಂದು ಹೇಳಿಕೊಂಡು ತಿರುಗುತ್ತಾರಲ್ಲ!

ಪತ್ರವನ್ನು ಅಂಚೆಗೆ ಹಾಕಲು ಗಂಗಹನುಮಯ್ಯನವರು ಒಪ್ಪಲಿಲ್ಲ. ಸೋಮವಾರ ಬೆಳಿಗ್ಗೆ ತಾವೇ ಗುಬ್ಬಿಗೆ ಹೋಗಿ ಮುಖ್ಯೋಪಾಧ್ಯಾಯಿನಿ ಕೋಮಲಾ ಅವರ ಮುಂದೆ ಇಟ್ಟರು. ಆಕೆ ಹುಬ್ಬು ಗಂಟಿಕ್ಕಿದರು. “ಶುಕ್ರವಾರ ಒಳ್ಳೇದು, ಸೋಮವಾರ ಕೆಟ್ಟದ್ದು. ಯಾವುದನ್ನ ನಂಬ್ಲಿ ತಾತ?”

“ಎರಡನ್ನೂ ನಂಬ್ಬೇಡಿ ಮೇಡಂ. ಈ ಹದಿನಾರು ಪುಟ ಓದಿ. ನಾನು ಹೊರಗೆ ಕೂತಿರ್ತೀನಿ” ಎಂದು, ಬಿಡಿಸಿದ ತಮ್ಮ ಪ್ರತಿಯನ್ನು ಕೊಟ್ಟು ಜಗಲಿಯ ಬೆಂಚಿನ ಮೇಲೆ ಕುಳಿತರು. ಒಂದು ಪೀರಿಯಡ್ಡಿನ ಗಂಟೆ ಹೊಡೆಯಿತು, ಇನ್ನೊಂದರದೂ ಹೊಡೆಯಿತು. ಕೋಮಲಾ ಹೊರಗೆ ಬಂದಾಗ ಅವರ ಮುಖ ಬೇರೆಯಾಗಿತ್ತು. “ಸ್ಪರ್ಧೆಗೆ ಬೇರೆ ಪುಸ್ತಕ ಇಡ್ತೀನಿ. ಈ ಅರವತ್ತನ್ನ ಏನ್ ಮಾಡ್ಲಿ, ವಾಪಸ್ ಕಳಿಸ್ಲಾ?”

“ಕಳಿಸ್ಬೇಡಿ. ಲೈಬ್ರರೀಲಿ ಇರ್ಲಿ, ನಿಮ್ ಮೇಷ್ಟ್ರುಗಳು ಓದ್ಲಿ. ಹಾಳೆ ಮಾತ್ರ ಕತ್ತರಿಸಿ ಇಡಿ.”

ಇಂಥ ಓದುಗರನ್ನು ನಾವು ಜಗಳಗಂಟರೆನ್ನುತ್ತೇವೆ, ಕಲೆಯ ಸೂಕ್ಷ್ಮ ಅರಿಯದವರೆನ್ನುತ್ತೇವೆ. ಸಭೆ ಕೆಡಿಸಿದರೆಂದು ಮುಂದಿನ ಸಲ ಕರೆಯುವುದನ್ನೇ ಮರೆಯುತ್ತೇವೆ. ಸಿಂಹಾಸನದ ಮೇಲೆ ಕುಳಿತವನ ಹೆಗಲಿನಿಂದಲೇ ಇತಿಹಾಸವನ್ನು ನೋಡಿ ಅಭ್ಯಾಸವಾದ ನಮಗೆ, ಕೆಳಗೆ ನಿಂತವನ ಕಣ್ಣಿನಿಂದ ಓದುವವರು ಅಪಶ್ರುತಿಯಾಗಿ ಕೇಳಿಸುತ್ತಾರೆ. ಆದರೆ ಕಟ್ಟುಕಥೆಯ ಕೂಸಿಗೂ ಬೆಂಕಿ ಸುಡುತ್ತದೆ ಎಂದು ಸಂಕಟಪಡುವವರು ಅವರು ಮಾತ್ರ. ಅವರ ಸಿಟ್ಟು ಆರಿದ ದಿನ ಆ ಕೇರಿ ಮತ್ತೊಮ್ಮೆ ಸುಟ್ಟುಹೋಗುತ್ತದೆ, ಮತ್ತು ನಾವು ಶೈಲಿ ಪ್ರೌಢವಾಗಿದೆ ಎನ್ನುತ್ತ ಕಾಫಿ ಕುಡಿಯುತ್ತಿರುತ್ತೇವೆ.