ಓರೆ ಹೆಬ್ಬೆಟ್ಟಿನ ಮೂಲೆ

ಇಲ್ಲೊಂದು ತಗ್ಗ ಬಿದ್ದೈತಲ್ರಿ ವಂದನಾ ಮೇಡಮ್, ಅದನ್ನ ಸಪಾಟ ಮಾಡಿಬಿಡ್ರಿ, ಅಂತ ಜಿನದತ್ತಣ್ಣ ಕಂಪ್ಯೂಟರಿನ ಪರದೆಗೆ ಬೆರಳು ಹಚ್ಚುತ್ತಾರೆ, ಬೆರಳಿನ ಎಣ್ಣೆ ಅಲ್ಲೇ ಅಂಟಿತು, ಒರೆಸಬೇಕು — ಮುಂಜಾನೆಯೇ ಕೊಲ್ಹಾಪುರದಿಂದ ಇಚಲಕರಂಜಿಗೆ ಬಂದು ಕೂತಿದ್ದಾರೆ, ಅವರ ಫೌಂಡ್ರಿಯ ಹಳೇ ಕಟ್ಟಿಗೆ ಅಚ್ಚು, ನೀರಿನ ಪಂಪಿನದು, ಸ್ಕ್ಯಾನ್ ಆಗಿ ಪರದೆಯೊಳಗೆ ಬಂದಿದೆ, ಇನ್ನು ಇದನ್ನು ನೋಡಿ ಅಲ್ಯುಮಿನಿಯಂ ಅಚ್ಚು ಮಾಡಿಸುತ್ತಾರೆ, ಕಟ್ಟಿಗೆಯದು ಕಿಟಕಿ ಹತ್ತಿರ ಮೇ ತಿಂಗಳ ಬಿಸಿಲಿಗೆ ಬಿದ್ದಿದೆ, ನಾಳೆ ಒಲೆಗೆ — ತಗ್ಗಲ್ಲ ಅಣ್ಣಾ, ನಮ್ಮಪ್ಪನ ಹೆಬ್ಬೆಟ್ಟು, ಅನ್ನಬೇಕಿತ್ತು, ಹೌದ್ರಿ ಅಂದೆ. ಮೂರು ಗೋಡೆ ಕೂಡುವ ಒಳಮೂಲೆ, ಚೂಪಾಗಿ ಬಿಟ್ಟರೆ ಎರಕ ಆರುವಾಗ ಅಲ್ಲೇ ಸೀಳುತ್ತದೆ, ಎಮ್ಮಿಗೂ ಬೇಕ ಕಬ್ಬಿಣಕ್ಕೂ ಬೇಕ ತಿರುಗಾಕ ಜಾಗಾ, ಅನ್ನುತ್ತಿದ್ದ ಈ ಅಚ್ಚು ಕೆತ್ತಿದ ಅಪ್ಪ, ಗಡಹಿಂಗ್ಲಜದ ಮನೆಯ ಕಟ್ಟೆ ಮೇಲೆ ಮೇಣದ ಉಂಡೆಯನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ ಮೂಲೆಗೆ ಒತ್ತುತ್ತಿದ್ದ, ಗರಗಸಕ್ಕೆ ಸಿಕ್ಕು ತುದಿ ಓರೆಯಾಗಿ ಹೋದ ಹೆಬ್ಬೆಟ್ಟು, ಅದಕ್ಕೇ ಅವನ ಮೂಲೆಗಳೆಲ್ಲ ಒಂದು ಬದಿಗೆ ಓರೆ, ಫೌಂಡ್ರಿಯವರು ಬೆರಳಾಡಿಸಿಯೇ ಹೇಳುತ್ತಿದ್ದರು, ಇದು ಸತ್ಯಪ್ಪನ ಮೂಲಿ. ನಾನೇ ಅಲ್ಲವೇ, ಫೋನಿನ ವಿಡಿಯೋ ನೋಡಿ ನೋಡಿ ಈ ಕಂಪ್ಯೂಟರಿನ ನಕ್ಷೆ ಕೆಲಸ ಕಲಿತವಳು, ಹೊಸದಾಗಿ ಕಲಿತ ಸೊಕ್ಕು, ಇದೇ ಜಿನದತ್ತಣ್ಣನ ಎದುರಿಗೆ ಮೂಲೆಯ ದುಂಡು ಅಳೆಯುವ ಗೇಜು ಹಿಡಿದು, ಅಪ್ಪಾ ಇದು ಆರು ಎಂಎಂ ಇಲ್ಲ, ಇಲ್ಲಿ ಐದು, ಅಲ್ಲಿ ಏಳು, ಅಂದವಳು, ಅವರು ನಕ್ಕರು, ಅಪ್ಪನೂ ನಕ್ಕ, ಮಗಳು ಭಾಳ ಶಾಣ್ಯಾಕಿ ಆಗ್ಯಾಳ್ರಿ ಅಂದ, ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡ, ಆಮೇಲೆ ಮೇಣ ಮುಟ್ಟಲಿಲ್ಲ, ಉಣ್ಣುವಾಗಲೂ ಮಡಚಿಯೇ — ಇಲ್ಲ, ಉಣ್ಣುವಾಗ ಹೇಗೆ ಮಡಚುತ್ತಾನೆ, ನನಗೇ ಹಾಗೆ ಕಾಣುತ್ತಿತ್ತು, ಹೋದ ಶ್ರಾವಣದಾಗ ತೀರಿಕೊಂಡ, ಆ ಮಾತನ್ನು ನಾನು ಹಿಂದಕ್ಕೆ ತಗೊಳ್ಳಲೇ ಇಲ್ಲ.

ಬ್ಲೆಂಡ್ ಅಂದರೆ ಒಂದು ಮೈ ಇನ್ನೊಂದರಲ್ಲಿ ಗೆರೆ ಕಾಣದ ಹಾಗೆ ಕರಗಬೇಕು, ಕಂಪ್ಯೂಟರಿಗೆ ಆ ಆಜ್ಞೆ ಕೊಟ್ಟೆ, ಎರಡು ಗೋಡೆ ಕೂಡಿದವು, ಮೂರನೆಯದಕ್ಕೆ ಬಂದು ಕೆಂಪಾಯಿತು, ಮತ್ತೆ ಕೊಟ್ಟೆ, ಮತ್ತೆ ಕೆಂಪು, ಓರೆ ಇರುವತನಕ ಕೂಡುವುದಿಲ್ಲ ಅನ್ನುತ್ತದೆ, ಹಟಮಾರಿ, ಆ ತುಂಡನ್ನೇ ಆರಿಸಿ ಅಳಿಸಿದೆ, ಒಂದು ತೂತು, ತೂತಿಗೆ ಹೊಸ ಮೈ ಹೊದಿಸಿದೆ, ಎಲ್ಲ ಕಡೆ ಆರು ಎಂಎಂ, ಪರೀಕ್ಷೆಗೆ ಕಪ್ಪು ಬಿಳಿ ಪಟ್ಟೆ ಹಾಯಿಸಿದೆ, ಎಲ್ಲೂ ಮುರಿಯದೆ ಹರಿದವು, ಇಲ್ಲಿ ಯಾರೂ ಕೈ ಇಟ್ಟೇ ಇರಲಿಲ್ಲ ಅನ್ನುವ ಹಾಗೆ. ಆತೇನ್ರಿ, ಆತ್ರಿ ಅಣ್ಣಾ, ಚಂದ ಆತ ನೋಡ್ರಿ — ಎದ್ದವರು ಬಾಗಿಲಲ್ಲಿ ನಿಂತರು, ಆ ಕಟ್ಟಿಗೀದು ನೀವ ಇಟ್ಕೋರಿ, ನಿಮ್ಮಪ್ಪಾರ ಕೈದಲ್ಲೇನ, ನಮಗ ಗೊತ್ತೈತಿ. ಗೊತ್ತಿತ್ತು ಅವರಿಗೆ, ಮೊದಲಿಂದಲೂ, ಮೆಟ್ಟಿಲಿಳಿದ ಸಪ್ಪಳ, ಅಚ್ಚನ್ನು ತೊಡೆ ಮೇಲೆ ಇಟ್ಟುಕೊಂಡೆ, ಬಿಸಿಲಿಗೆ ಕಾದಿತ್ತು, ಬಣ್ಣ ಕಿತ್ತುಹೋದ ಮೂಲೆ, ಓರೆ ತಗ್ಗಿನೊಳಗೆ ನನ್ನ ಹೆಬ್ಬೆಟ್ಟು ಇಟ್ಟೆ, ಕೂಡುವುದಿಲ್ಲ ನೋಡು, ಎಡಕ್ಕೆ ಜಾಗ ಉಳಿಯುತ್ತದೆ, ತಪ್ಪಾತ ಅಪ್ಪಾ ಅಂದೆ, ಸ್ವಲ್ಪ ಒತ್ತಿಯೇ ಅಂದೆನೇನೋ — ಬಿಸಿಲು, ಮೆತ್ತಗಾದ ಮೇಣ — ತೆಗೆದೆ, ತಗ್ಗು ದುಂಡಗಿದೆ, ನೆಟ್ಟಗಿದೆ, ಒಳಗೆಲ್ಲ ನನ್ನ ಹೆಬ್ಬೆಟ್ಟಿನ ಗೆರೆ, ಓರೆ ಎಲ್ಲಿ, ಆ ಓರೆ