ಎರಡನೇ ಕಿವಿ

ರಂಗಸ್ವಾಮಿ ಆಚಾರ್ರ ಲೋಟಕ್ಕೆ ಸೊಸೆ ರಂಜಿತ ಕಾಫಿಯನ್ನು ಅರ್ಧ ಮಾತ್ರ ಹಾಕುತ್ತಿದ್ದಳು. "ಅದ್ಯಾಕವ್ವ, ಮಾವುಂಗೆ ಕಾಫಿ ಕೊಡಾಕೂ ಜಿಪುಣತನವಾ?" ಎಂದು ಅತ್ತೆ ಪಾರ್ವತಮ್ಮ ರೇಗಿದ್ದುಂಟು. ರಂಜಿತ ನಕ್ಕು ಸುಮ್ಮನಾಗುತ್ತಿದ್ದಳು. ಮಾವನ ಕೈ ನಡುಗುತ್ತದೆ, ತುಂಬಿದ ಲೋಟ ತುಳುಕುತ್ತದೆ ಎಂಬುದು ಆ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಅವಳೂ ಬಾಯಿ ಬಿಡಲಿಲ್ಲ, ಅವರೂ ಬಿಡಲಿಲ್ಲ.

ಬಿಡುವುದಾದರೂ ಹೇಗೆ? ಹೊಸಹೊಳಲಿನ ಸುತ್ತಮುತ್ತ ಯಾರ ಮಗುವಿಗೆ ಕಿವಿ ಚುಚ್ಚಬೇಕಾದರೂ ಆಚಾರ್ರೇ ಆಗಬೇಕು. ಒಡವೆ ಮಾಡಿಸುವವರೆಲ್ಲ ಪೇಟೆಯ ದೊಡ್ಡ ಅಂಗಡಿಗಳ ಪಾಲಾದ ಮೇಲೆ ಆ ಅಕ್ಕಸಾಲಿಯ ಕೈಗೆ ಉಳಿದದ್ದು ಅದೊಂದೇ ಕೆಲಸ.

ರಂಜಿತಳಿಗೆ ಅಷ್ಟೂ ಉಳಿದಿರಲಿಲ್ಲ. ನೇಪಾಳದ ಪೋಖರಾದಲ್ಲಿ ಹುಟ್ಟಿ, ದೋಹಾದಲ್ಲಿ ಮಕ್ಕಳ ಆಸ್ಪತ್ರೆಯ ನರ್ಸ್ ಆಗಿದ್ದವಳು. ಅಲ್ಲೇ ಆಂಬುಲೆನ್ಸ್ ಓಡಿಸುತ್ತಿದ್ದ ಆಚಾರ್ರ ಮಗ ನಾಗಾರ್ಜುನನನ್ನು ಮೆಚ್ಚಿ ಮದುವೆಯಾಗಿ, ಅವನ ಜೊತೆ ಈ ಊರಿಗೆ ಬಂದಳು. ಮಗಳು ಸ್ನೇಹ ಹುಟ್ಟಿದಳು. ರಂಜಿತ ಮುದ್ದೆ ತೊಳಸುವುದನ್ನು ಕಲಿತಳು. ಕನ್ನಡವನ್ನು ಅತ್ತೆಯ ಬಾಯಿಂದ ಕಲಿತು, ಅತ್ತೆಯ ಹಾಗೇ ಗದರುವುದನ್ನೂ ಕಲಿತಳು. ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಕೆಲಸ ಹುಡುಕಿಕೊಂಡು ನಾಗಮಂಗಲ, ಪಾಂಡವಪುರವನ್ನೆಲ್ಲ ಸುತ್ತಿದಳು. ಒಂದು ಕಡೆ, ಆ ದೇಶದ ಓದು ಇಲ್ಲಿ ನಡೆಯುವುದಿಲ್ಲ ಎಂದರು. ಇನ್ನೊಂದು ಕಡೆ, ಆರು ವರ್ಷ ಕೆಲಸ ಬಿಟ್ಟವರಿಗೆ ಇನ್ನು ಕೈ ಎಲ್ಲಿ ಓಡುತ್ತೆ ಎಂದರು. ಆ ಎರಡನೇ ಮಾತು ಅವಳನ್ನು ಬಹಳ ನೋಯಿಸಿತು. ಅಳುವ ಕೂಸುಗಳ ತೋಳಲ್ಲಿ ಕೂದಲೆಳೆಯಂಥ ನರ ಹುಡುಕಿ ಸೂಜಿ ಹಾಕಿದ ಕೈ ಅದು! ಬಸ್ಸಿನಲ್ಲಿ ವಾಪಸ್ ಬರುವಾಗ ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಿದ್ದಳು.

ಒಮ್ಮೆ ಧೈರ್ಯ ಮಾಡಿ ಮಾವನನ್ನೇ ಕೇಳಿದಳು. "ಕಿವಿ ಚುಚ್ಚೋದ್ನ ನಂಗೂ ಕಲ್ಸಿಕೊಡಿ ಮಾವ."

"ನಮ್ಮಲ್ಲಿ ಹೆಂಗುಸ್ರು ಮಾಡಿದ್ದಿಲ್ಲ ಕಣವ್ವ," ಎಂದು ಅವರು ಮುಖ ತಿರುಗಿಸಿದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಈ ಕೆಲಸವೂ ಹೋದರೆ ತಾನು ಯಾರು ಎಂಬ ಭಯ. ಅದು ಎಂಥದೆಂದು ರಂಜಿತಳಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಒಂದು ಶುಕ್ರವಾರ ಬೆಳಗೊಳದಿಂದ ಮೂಗಮ್ಮ ಎಂಬ ಮುದುಕಿ ಮೊಮ್ಮಗಳ ಕಿವಿ ಚುಚ್ಚಿಸಲು ಬಂದಳು. ಮಗುವಿನ ಸೋದರಮಾವ ಶಿವು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆಚಾರ್ರು ಎರಡೂ ಕಿವಿಗೆ ಕುಂಕುಮದ ಚುಕ್ಕೆ ಇಟ್ಟು, ಹೆಣ್ಣು ಮಗುವಾದ್ದರಿಂದ ಎಡಗಿವಿಗೆ ಮೊದಲು ಚಿನ್ನದ ತಂತಿ ಹಾಕಿದರು. ಹೇಗೋ ದಾಟಿತು. ಬಲಗಿವಿಗೆ ಬರುವಷ್ಟರಲ್ಲಿ ತಂತಿಯ ಚೂಪು ತುದಿ ನೊಣದ ಹಾಗೆ ಚುಕ್ಕೆಯ ಸುತ್ತ ಸುತ್ತತೊಡಗಿತು.

"ಯಾಕಾಚಾರ್ರೇ, ಕೈ ಅಂಗ್ ನಡುಗ್ತಾ ಅದೆ?" ಎಂದಳು ಮೂಗಮ್ಮ.

ಆಚಾರ್ರು ಕೈ ಇಳಿಸಿದರು. ಒಂದೇ ಕಿವಿ ಚುಚ್ಚಿ ಮಗುವನ್ನು ಹೊಸ್ತಿಲು ದಾಟಿಸುವ ಹಾಗಿಲ್ಲ. ಅವರು ತಲೆಯೆತ್ತಿ ನೋಡಿದ್ದು ಸೊಸೆಯನ್ನು.

"ಬಾರವ್ವ," ಎಂದರು.

"ಇದ್ಯಾರು? ಯಾವ್ ಸೀಮೆಯೋಳೋ ಏನೋ, ನಮ್ ಕೂಸ್ನ ಮುಟ್ಟೋದಾ?" ಮೂಗಮ್ಮ ಮೊಮ್ಮಗಳಿಗೆ ಅಡ್ಡ ನಿಂತಳು.

ಪಾರ್ವತಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ನಮ್ ಸೀಮೆಯೋಳೇ. ನಮ್ಮನೆ ಸೊಸೆ. ಬ್ಯಾಡ ಅಂದ್ರೆ ಒಂಟಿ ಕಿವೀಲೇ ಕರ್ಕೊಂಡೋಗವ್ವ."

ಮೂಗಮ್ಮ ಗೊಣಗುತ್ತಾ ಪಕ್ಕಕ್ಕೆ ಸರಿದಳು.

ರಂಜಿತ ಕೈ ತೊಳೆದು ಬಂದು, ಹತ್ತಿಗೆ ಸ್ಪಿರಿಟ್ ಹಾಕಿ, ತಂತಿಯನ್ನೂ ಕಿವಿಯನ್ನೂ ಚೊಕ್ಕಟವಾಗಿ ಒರೆಸಿದಳು. ಎಷ್ಟು ಚೊಕ್ಕಟ ಎಂದರೆ ಮಾವ ಇಟ್ಟಿದ್ದ ಚುಕ್ಕೆಯೂ ಮಾಯ! ನರ್ಸಿನ ಅಭ್ಯಾಸ ಕೆಲಸ ಕೆಡಿಸಿತ್ತು. ಚುಚ್ಚುವ ಕೈ ತನಗಿದೆ, ಸರಿ; ಎಡಗಿವಿಗೆ ಸಮನಾಗಿ ಬಲಗಿವಿಯ ಜಾಗ ಗುರುತಿಸುವ ಕಣ್ಣು ಎಲ್ಲಿಂದ ತರುವುದು? ಅದು ಮಾವನ ಕಣ್ಣು.

"ಚುಕ್ಕೆ ಅಳಿಸ್ಬುಟ್ಟೆ ಮಾವ. ಇನ್ನೊಂದ್ಸಲ ಇಡಿ."

"ನನ್ ಕೈ ನಿಲ್ಲಾಕಿಲ್ಲ ಕಣವ್ವ..."

"ಕೈನ ನಾನು ಇಡ್ಕೋತೀನಿ. ನೀವು ನೋಡಿ."

ಆಚಾರ್ರು ಮಗುವಿನ ಎದುರು ಕೂತು ಒಂದೊಂದು ಕಿವಿಯನ್ನೂ ನೋಡಿದರು. ರಂಜಿತ ಅವರ ಮಣಿಕಟ್ಟನ್ನು ಹಿಡಿದುಕೊಂಡಳು. ನಡುಕ ಅವಳ ಅಂಗೈವರೆಗೆ ಬಂದು ನಿಂತಿತು. "ಒಸಿ ಮ್ಯಾಕೆ... ಇನ್ನೊಸಿ... ಅಲ್ಲೇ," ಎಂದರು. ಚುಕ್ಕೆ ಬಿತ್ತು. ಮಗು ಅಳಲು ಬಾಯಿ ತೆರೆಯುವುದರೊಳಗೆ ರಂಜಿತಳ ಕೈಯ ತಂತಿ ದಾಟಿ ಸುತ್ತಿಕೊಂಡೂ ಆಗಿತ್ತು. "ಆಗೋಯ್ತು ಬುಡು ಕಂದ," ಎಂದು ಶಿವು ತೊಡೆ ಆಡಿಸಿದ.

ಮೂಗಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಆ ಕಿವಿ ಈ ಕಿವಿ ನೋಡಿದಳು. ತಪ್ಪು ಸಿಗಲಿಲ್ಲ. ಎಲೆ ಅಡಿಕೆ, ತೆಂಗಿನಕಾಯಿ, ಬೆಲ್ಲ ಇಟ್ಟಿದ್ದ ತಟ್ಟೆಯನ್ನು ತಂದು ಆಚಾರ್ರ ಮುಂದೆ ಹಿಡಿದಳು. ಅವರು ಕೈ ಚಾಚಲಿಲ್ಲ.

"ತಾಂಬೂಲ ಚುಚ್ಚಿದ್ ಕೈಗೆ ಕೊಡ್ಬೇಕು ಕಣವ್ವ. ಇನ್ಮ್ಯಾಕೆ ನಮ್ಮನೇಲಿ ಚುಕ್ಕೆ ಇಡೋನು ನಾನು, ಚುಚ್ಚೋಳು ಇವ್ಳು."

ಈ ಮನೆಗೆ ಬಂದಾಗಿನಿಂದ ರಂಜಿತ ಎಷ್ಟೋ ಹೆಂಗಸರಿಗೆ ತಾಂಬೂಲ ಕೊಟ್ಟಿದ್ದಳು, ಹಬ್ಬ ಹುಣ್ಣಿಮೆಗಳಲ್ಲಿ ತೆಗೆದುಕೊಂಡೂ ಇದ್ದಳು. ಮಾಡಿದ ಕೆಲಸಕ್ಕೆಂದು ಯಾರೂ ಕೊಟ್ಟಿರಲಿಲ್ಲ. ಅವಳು ಎರಡೂ ಕೈ ಚಾಚಿದಳು. ತಂತಿ ಹಿಡಿದಾಗ ಅಲುಗದಿದ್ದ ಕೈ ಈಗ ನಡುಗಿ, ತಟ್ಟೆಯಲ್ಲಿ ತೆಂಗಿನಕಾಯಿ ಉರುಳಾಡಿತು. ಆಚಾರ್ರು ಅದನ್ನು ನೋಡಿದರು. ತಟ್ಟೆಯ ಅಡಿಗೆ ತಮ್ಮ ಕೈಯನ್ನೂ ಕೊಟ್ಟರು.